ಹಳೇ ಮನೆ ಕೊಳ್ತಿದ್ದೀರಾ? ಖಾತೆ, ಇಸಿ ಜತೆ ಶೌಚದ ಗುಂಡಿಯನ್ನೂ ನೋಡಿ

ಊರಲ್ಲಿ ಒಂದು ಹಳೇ ಮನೆ ಮಾರಾಟಕ್ಕೆ ಬಂತು ಅಂದ್ರೆ ಕೊಳ್ಳುವವರು ಮೊದಲು ನೋಡೋದು ಕಾಗದಪತ್ರ. ಖಾತೆ ಯಾರ ಹೆಸರಲ್ಲಿದೆ, ಇಸಿಯಲ್ಲಿ ಸಾಲ ತೋರಿಸುತ್ತಾ, ಚೆಕ್ಕುಬಂದಿ ಸರಿ ಇದೆಯಾ, ಕಂದಾಯ ಬಾಕಿ ಎಷ್ಟು ಎಂದು ವಿಚಾರಿಸುತ್ತಾರೆ. ಆಮೇಲೆ ವಾಸ್ತು, ಬೋರ್‌ವೆಲ್ ನೀರು, ರಸ್ತೆಯ ಅಗಲ. ಶೌಚದ ಗುಂಡಿ ಎಲ್ಲಿದೆ, ಎಷ್ಟು ಹಳೆಯದು, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಎಂದು ಕೇಳುವವರು ಬಹಳ ಕಡಿಮೆ.

ಉತ್ತರ ಗೊತ್ತಾಗೋದು ಗೃಹಪ್ರವೇಶ ಮುಗಿದು, ಮೊದಲ ಮಳೆಗಾಲ ಬಂದಾಗ. ಕಮೋಡಿನಲ್ಲಿ ನೀರು ಇಳಿಯಲ್ಲ, ಹಿತ್ತಲಲ್ಲಿ ವಾಸನೆ, ಬಾವಿ ನೀರಿನ ಬಣ್ಣ ಬೇರೆ. ಅಷ್ಟರಲ್ಲಿ ಕ್ರಯಪತ್ರ ಆಗಿರುತ್ತೆ, ದುಡ್ಡು ಕೈ ಬದಲಾಗಿರುತ್ತೆ. ಯುಜಿಡಿ ಇಲ್ಲದ ಬಡಾವಣೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ಕೆಳಗೆ ಅಂಗಡಿ ಮೇಲೆ ಮನೆ ಇರುವ ಕಟ್ಟಡ, ಇವುಗಳನ್ನು ಕೊಳ್ಳುವವರೂ ಮಾರುವವರೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕಾನೂನು ಏನು ಹೇಳುತ್ತೆ?

ಕರ್ನಾಟಕದಲ್ಲಿ ಮನೆ ನೋಂದಣಿ ಮಾಡಿಸಲು ಸೆಪ್ಟಿಕ್ ಟ್ಯಾಂಕ್ ತಪಾಸಣೆಯ ಪ್ರಮಾಣಪತ್ರ ಕೊಡಬೇಕಿಲ್ಲ. ಪಟ್ಟಣದಲ್ಲಾದರೆ ಇ-ಖಾತಾ, ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಕೇಳುತ್ತಾರೆ. ಇವುಗಳಿಂದ ಸ್ವತ್ತು ಯಾರದು, ಅಳತೆ ಎಷ್ಟು ಅಂತ ತಿಳಿಯುತ್ತೆ. ನೆಲದ ಕೆಳಗಿನ ಗುಂಡಿ ಯಾವ ಸ್ಥಿತಿಯಲ್ಲಿದೆ ಅನ್ನೋದು ಇವುಗಳಲ್ಲಿ ಇರಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾಗಲ್ಲ. ಅಲ್ಲಿ 'ಟೈಟಲ್ 5' ಎಂಬ ನಿಯಮದ ಪ್ರಕಾರ ಮನೆ ಮಾರುವ ಮುಂಚಿನ 2 ವರ್ಷದೊಳಗೆ ಅಧಿಕೃತ ತಪಾಸಕರಿಂದ ಸೆಪ್ಟಿಕ್ ವ್ಯವಸ್ಥೆಯ ಪರೀಕ್ಷೆ ಆಗಿರಬೇಕು. ಪ್ರತಿ ವರ್ಷ ಟ್ಯಾಂಕ್ ಖಾಲಿ ಮಾಡಿಸಿದ ದಾಖಲೆ ಇದ್ದರೆ ಹಳೆಯ ವರದಿ 3 ವರ್ಷ ನಡೆಯುತ್ತೆ. ಅಯೋವಾ ರಾಜ್ಯದಲ್ಲೂ 2009ರಿಂದ ಮನೆ ಕೈ ಬದಲಾಗುವಾಗ ತಪಾಸಣೆ ಕಡ್ಡಾಯ. ನಮ್ಮಲ್ಲಿ ಅಂಥ ಪದ್ಧತಿ ಇಲ್ಲ. ಹಾಗಾಗಿ ನೋಡುವ ಕೆಲಸ ಕೊಳ್ಳುವವರ ಮೇಲೇ ಬೀಳುತ್ತೆ.

ಹಾಗಂತ ಮಾರುವವರಿಗೆ ಜವಾಬ್ದಾರಿಯೇ ಇಲ್ಲ ಎಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುವುದು ಇಷ್ಟು: ಸ್ವತ್ತಿನಲ್ಲಿ ಗಂಭೀರ ದೋಷವಿದ್ದು, ಅದು ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅದು ಕಾಣುವಂಥದ್ದಲ್ಲದಿದ್ದರೆ, ಮಾರುವವರು ಅದನ್ನು ಹೇಳಲೇಬೇಕು. ಹೇಳದೆ ಮುಚ್ಚಿಟ್ಟರೆ ಅದನ್ನು ವಂಚನೆ ಎಂದೇ ಕಾಯ್ದೆ ಪರಿಗಣಿಸುತ್ತದೆ. ಸ್ವತ್ತಿನ ಬಗ್ಗೆ ಕೊಳ್ಳುವವರು ಕೇಳುವ ಸಂಬಂಧಪಟ್ಟ ಪ್ರಶ್ನೆಗಳಿಗೆ ತಿಳಿದ ಮಟ್ಟಿಗೆ ಉತ್ತರಿಸುವುದೂ ಮಾರುವವರ ಕರ್ತವ್ಯ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ನೋಡಿದ್ದರೆ ಕಾಣುತ್ತಿತ್ತು ಎನ್ನುವ ದೋಷಕ್ಕೆ ಆಮೇಲೆ ದೂರು ಹೇಳಿದರೆ ಪ್ರಯೋಜನ ಕಡಿಮೆ. ಎರಡು, ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಈ ಕಲಂನ ಬಲ ಕುಗ್ಗುತ್ತದೆ. 'ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿರುತ್ತಾರೆ' ಎಂಬ ಸಾಲು ಕರಾರಿನಲ್ಲಿ ಕಂಡರೆ ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸುವುದು ಒಳ್ಳೆಯದು.

ಟ್ಯಾಂಕ್ ಬೇರೆ, ಗುಂಡಿ ಬೇರೆ

ಎಲ್ಲವನ್ನೂ 'ಸೆಪ್ಟಿಕ್ ಟ್ಯಾಂಕ್' ಅಂತ ಕರೆಯೋದು ರೂಢಿ. ಆದರೆ ಮನೆಗಳ ಕೆಳಗೆ ಇರುವುದು ಮುಖ್ಯವಾಗಿ ಮೂರು ಥರ.

ಒಂದನೆಯದು ನಿಜವಾದ ಸೆಪ್ಟಿಕ್ ಟ್ಯಾಂಕ್. ತಳ ಮತ್ತು ಗೋಡೆ ನೀರು ಸೋರದಂತೆ ಪ್ಲಾಸ್ಟರ್ ಆಗಿರುತ್ತೆ, ಸಾಮಾನ್ಯವಾಗಿ ಮಧ್ಯೆ ಒಂದು ಅಡ್ಡಗೋಡೆ ಇರುತ್ತೆ. ಗಟ್ಟಿ ಅಂಶ ತಳದಲ್ಲಿ ಕೂರುತ್ತೆ, ಮೇಲಿನ ನೀರು ಮಾತ್ರ ಪೈಪ್ ಮೂಲಕ ಪಕ್ಕದ ಇಂಗು ಗುಂಡಿಗೆ ಹೋಗುತ್ತೆ. ಎರಡೂ ಇದ್ದರೆ ಮಾತ್ರ ವ್ಯವಸ್ಥೆ ಪೂರ್ತಿ.

ಎರಡನೆಯದು ರಿಂಗ್ ಇಳಿಸಿದ ಅಥವಾ ಕಲ್ಲು ಜೋಡಿಸಿದ ತಳವಿಲ್ಲದ ಒಂಟಿ ಗುಂಡಿ. ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಎಲ್ಲವೂ ನೇರ ಮಣ್ಣಿಗೆ ಇಳಿಯುತ್ತೆ.

ಮೂರನೆಯದು ಜೋಡಿ ಗುಂಡಿ. 2014ರ ನಂತರ ಸ್ವಚ್ಛ ಭಾರತ್ ಯೋಜನೆಯಲ್ಲಿ ಹಳ್ಳಿಗಳಿಗೆ ಶಿಫಾರಸು ಮಾಡಿದ್ದು ಇದನ್ನೇ. ಒಂದು ಗುಂಡಿ ತುಂಬಿದ ಮೇಲೆ ಚೇಂಬರಿನಲ್ಲಿ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡಬೇಕು. ತುಂಬಿದ್ದನ್ನು ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ ಮುಚ್ಚಿ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರಡೂ ಗುಂಡಿಗೆ ಒಟ್ಟಿಗೆ ನೀರು ಬಿಟ್ಟಿದ್ದರೆ ಈ ಲೆಕ್ಕ ನಡೆಯಲ್ಲ.

ಮನೆ ತೋರಿಸುವಾಗ ಮಾಲೀಕರು ಹೆಮ್ಮೆಯಿಂದ ಹೇಳುವ ಒಂದು ಮಾತಿದೆ: 'ಇಪ್ಪತ್ತೈದು ವರ್ಷ ಆಯ್ತು, ಒಂದು ಸಲಾನೂ ಗುಂಡಿ ತುಂಬಿಲ್ಲ ನೋಡಿ.' ಇದನ್ನು ಕೇಳಿ ಸಮಾಧಾನಪಡುವ ಬದಲು ಎಚ್ಚರಗೊಳ್ಳಬೇಕು. ತಳ ಇರುವ ಸೆಪ್ಟಿಕ್ ಟ್ಯಾಂಕ್ ಬಳಕೆಯಲ್ಲಿದ್ದರೆ ತುಂಬಲೇಬೇಕು. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಎಂಬುದು ಸರ್ಕಾರಿ ಮಾರ್ಗಸೂಚಿಗಳ ಸಲಹೆ. ಇಪ್ಪತ್ತೈದು ವರ್ಷ ತುಂಬಿಲ್ಲ ಅಂದ್ರೆ ಅದಕ್ಕೆ ತಳ ಇಲ್ಲ, ಅಥವಾ ಬಿರುಕು ಬಿಟ್ಟು ಸೋರುತ್ತಿದೆ, ಇಲ್ಲವೇ ಪೈಪ್ ಚರಂಡಿಗೆ ಸೇರಿದೆ. ಸೋರುತ್ತಿದ್ದರೆ ಆ ನೀರು ಹತ್ತಿರದ ಬಾವಿ, ಬೋರ್‌ವೆಲ್ ಕಡೆ ಹೋಗುತ್ತಿರಬಹುದು.

ಮಾರುವವರಿಗೆ ಕೇಳಬೇಕಾದ ಪ್ರಶ್ನೆಗಳು

- ಟ್ಯಾಂಕ್ ಎಲ್ಲಿದೆ? ಮುಚ್ಚಳ ಎಲ್ಲಿದೆ? ಮೇಲೆ ಟೈಲ್ಸ್, ಶೆಡ್, ಮೆಟ್ಟಿಲು ಏನಾದರೂ ಕಟ್ಟಿದ್ದಾರಾ?
- ಯಾವ ವರ್ಷ ಕಟ್ಟಿಸಿದ್ದು? ಕಟ್ಟಿದ ಮೇಸ್ತ್ರಿ ಊರಲ್ಲೇ ಇದ್ದರೆ ಅವರನ್ನೂ ಒಮ್ಮೆ ಕೇಳಿ.
- ಕೊನೆಯ ಸಲ ಸಕ್ಕಿಂಗ್ ಮಷೀನ್ ಬಂದಿದ್ದು ಯಾವಾಗ? ರಸೀದಿ ಇದೆಯಾ?
- ಟ್ಯಾಂಕಿನಿಂದ ಹೊರಗೆ ಹೋಗುವ ನೀರು ಎಲ್ಲಿಗೆ ಸೇರುತ್ತೆ? ಇಂಗು ಗುಂಡಿಗಾ, ರಸ್ತೆ ಚರಂಡಿಗಾ, ಯುಜಿಡಿಗಾ?
- ಬೀದಿಯಲ್ಲಿ ಯುಜಿಡಿ ಇದ್ದರೆ ಈ ಮನೆಗೆ ಸಂಪರ್ಕ ಆಗಿದೆಯಾ? ಆಗಿದ್ದರೆ ಹಳೇ ಗುಂಡಿಯನ್ನು ಖಾಲಿ ಮಾಡಿ ಮಣ್ಣು, ಮರಳು ತುಂಬಿ ಮುಚ್ಚಿದ್ದಾರಾ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಬಳಕೆ ನಿಂತ ಗುಂಡಿಯ ಮೇಲೆ ಬರೀ ಚಪ್ಪಡಿ ಹಾಕಿ ಬಿಟ್ಟಿದ್ದರೆ ಕಾಲಕ್ರಮದಲ್ಲಿ ಅದು ಕುಸಿಯುತ್ತೆ. ಮೇಲೆ ಮಕ್ಕಳು ಆಡುತ್ತಿರಬಹುದು, ಬೈಕ್ ನಿಂತಿರಬಹುದು.

ಪಕ್ಕದ ಮನೆಯವರನ್ನೂ ಮಾತಾಡಿಸಿ. 'ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತಾ, ವಾಸನೆ ಬರುತ್ತಾ?' ಅಂದರೆ ಸಾಕು, ಮಾಲೀಕರು ಹೇಳದ್ದು ಅಲ್ಲಿ ಗೊತ್ತಾಗಬಹುದು.

ಕಣ್ಣಿಗೆ ಕಾಣುವ ಗುರುತುಗಳು

ಬೇಸಿಗೆಯಲ್ಲೂ ಹಿತ್ತಲಿನ ಒಂದೇ ಜಾಗದಲ್ಲಿ ಹುಲ್ಲು ದಟ್ಟ ಹಸಿರಾಗಿದ್ದರೆ, ನೆಲ ಮೆತ್ತಗಿದ್ದರೆ ಅಲ್ಲಿ ನೀರು ಜಿನುಗುತ್ತಿದೆ. ಸ್ಲ್ಯಾಬ್‌ನಲ್ಲಿ ಬಿರುಕು, ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಉದುರಿರುವುದು, ನೆಲ ತಗ್ಗಾಗಿರುವುದು ಅಪಾಯದ ಗುರುತು. ಅದರ ಮೇಲೆ ಕಾಲಿಡಬೇಡಿ. ಗಾಳಿ ಪೈಪ್ ಇದೆಯಾ, ಅದರ ಬಾಯಿಗೆ ಸೊಳ್ಳೆ ಪರದೆ ಇದೆಯಾ ನೋಡಿ. ಇಲ್ಲದಿದ್ದರೆ ಮನೆಗೆ ಸೊಳ್ಳೆ ಬರುವ ದಾರಿಗಳಲ್ಲಿ ಅದೂ ಒಂದು. ಮನೆಯ ಎಲ್ಲಾ ನಲ್ಲಿ ಬಿಟ್ಟು, ಎಲ್ಲಾ ಶೌಚಾಲಯ ಫ್ಲಶ್ ಮಾಡಿ ಇಪ್ಪತ್ತು ನಿಮಿಷ ಕಾದು ನೋಡಿ. ನೀರು ನಿಧಾನವಾಗಿ ಇಳಿದರೆ, ಬಚ್ಚಲಿನಲ್ಲಿ ಗುಳುಗುಳು ಸದ್ದು ಬಂದರೆ ಎಲ್ಲೋ ಕಟ್ಟಿಕೊಂಡಿದೆ.

ಬೇಸಿಗೆಯಲ್ಲಿ ಎಲ್ಲಾ ಸರಿಯಾಗಿ ಕಾಣುವ ಇಂಗು ಗುಂಡಿ ಮಳೆಗಾಲದಲ್ಲಿ ಕೈಕೊಡುವುದುಂಟು. ಎರೆ ಮಣ್ಣಿನಲ್ಲಿ ನೀರು ಸುಲಭಕ್ಕೆ ಇಂಗಲ್ಲ. ಆ ಮಣ್ಣು ಒಣಗಿದಾಗ ಬಿರಿದು ನೆನೆದಾಗ ಉಬ್ಬುವುದರಿಂದ ಟ್ಯಾಂಕಿನ ಗೋಡೆಯೂ ಸೀಳುತ್ತೆ. ಕರಾವಳಿಯ ಮುರಕಲ್ಲು ನೆಲದಲ್ಲಿ ಇದಕ್ಕೆ ತಿರುಗುಮುರುಗು. ನೀರು ಬೇಗ ಇಳಿಯುತ್ತೆ, ಅಷ್ಟೇ ಬೇಗ ಬಾವಿಗೂ ತಲುಪಬಹುದು.

ಮುಚ್ಚಳ ತೆಗೆದಾಗ ಏನು ನೋಡಬೇಕು

ಸರಿಯಾದ ತಪಾಸಣೆ ಅಂದ್ರೆ ಮುಂಗಡ ಕೊಡುವ ಮುಂಚೆ ಎರಡೂ ಕಡೆಯವರ ಎದುರಲ್ಲಿ ಸಕ್ಕಿಂಗ್ ಮಷೀನ್ ತರಿಸಿ ಟ್ಯಾಂಕ್ ಖಾಲಿ ಮಾಡಿಸುವುದು. ಜತೆಗೆ ಅನುಭವ ಇರುವ ಮೇಸ್ತ್ರಿ ಅಥವಾ ಸಿವಿಲ್ ಎಂಜಿನಿಯರ್ ಇರಲಿ. ಖರ್ಚು ಯಾರದು ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ನೋಡುವುದೆಲ್ಲಾ ಮೇಲಿನಿಂದ, ಟಾರ್ಚ್ ಬೆಳಕಿನಲ್ಲಿ.

1. ಖಾಲಿ ಮಾಡುವ ಮುಂಚೆ ನೀರಿನ ಮಟ್ಟ ನೋಡಿ. ಬಳಕೆಯಲ್ಲಿರುವ ಟ್ಯಾಂಕಿನಲ್ಲಿ ನೀರು ಹೊರಹೋಗುವ ಪೈಪಿನ ತಳಕ್ಕೆ ಸರಿಯಾಗಿ ಇರಬೇಕು. ಅದಕ್ಕಿಂತ ಬಹಳ ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ. ಪೈಪನ್ನು ಮುಳುಗಿಸಿ ಮೇಲೆ ಬಂದಿದ್ದರೆ ಇಂಗು ಗುಂಡಿ ಅಥವಾ ಪೈಪ್ ಕಟ್ಟಿಕೊಂಡಿದೆ.
2. ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ ತೆಗೆದರೆ ಕೆಸರು ಎಷ್ಟು ಎತ್ತರಕ್ಕೆ ಅಂಟಿದೆ ಎಂದು ಕಾಣುತ್ತೆ. ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಬಹಳ ದಿನದಿಂದ ಖಾಲಿ ಮಾಡಿಲ್ಲ ಅಂತ ಅರ್ಥ.
3. ಖಾಲಿ ಮಾಡುವಾಗ ಹೊರಹೋಗುವ ಪೈಪಿನಿಂದ ನೀರು ವಾಪಸ್ ಟ್ಯಾಂಕಿಗೆ ಸುರಿಯತೊಡಗಿದರೆ ಇಂಗು ಗುಂಡಿ ತುಂಬಿ ನಿಂತಿದೆ. ಇದು ದೊಡ್ಡ ಖರ್ಚಿನ ಸೂಚನೆ.
4. ಖಾಲಿಯಾದ ಮೇಲೆ ತಳ ಇದೆಯಾ, ಗೋಡೆಯಲ್ಲಿ ಬಿರುಕಿದೆಯಾ, ಅಡ್ಡಗೋಡೆ ನಿಂತಿದೆಯಾ, ಒಳಬರುವ ಮತ್ತು ಹೊರಹೋಗುವ ಕಡೆ 'ಟಿ' ಪೈಪ್ ಇದೆಯಾ ನೋಡಿ.
5. ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ. ಮಷೀನಿನವರಿಂದ ದಿನಾಂಕ ಇರುವ ರಸೀದಿ ಪಡೆಯಿರಿ.

ಪ್ಲಾಸ್ಟಿಕ್ ಅಥವಾ ಫೈಬರ್ ಟ್ಯಾಂಕ್ ಆಗಿದ್ದರೆ ಜೋರು ಮಳೆಗಾಲದಲ್ಲಿ ಖಾಲಿ ಮಾಡಿಸಿ ಹಾಗೇ ಬಿಡಬಾರದು. ಸುತ್ತಲಿನ ಅಂತರ್ಜಲದ ಒತ್ತಡಕ್ಕೆ ಟ್ಯಾಂಕೇ ಮೇಲೆದ್ದು ಬರಬಹುದು. ಕೂಡಲೇ ನೀರು ತುಂಬಿಸಬೇಕು.

ಅಳತೆ ಸಾಕಾಗುತ್ತಾ?

ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470 ಎಂಬ ಭಾರತೀಯ ಮಾನಕ ಇದೆ. ಅದರ ಪ್ರಕಾರ ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸುವ ಲೆಕ್ಕದಲ್ಲಿ 5 ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1.05 ಮೀಟರ್ ನೀರಿನ ಆಳ ಬೇಕು. ಅಂದರೆ ಸುಮಾರು 1,200 ಲೀಟರ್. 10 ಜನರಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, 1.4 ಮೀಟರ್ ಆಳ, ಸುಮಾರು 2,500 ಲೀಟರ್. ನೀರಿನ ಮೇಲೆ ಸ್ಲ್ಯಾಬ್‌ವರೆಗೆ ಒಂದು ಅಡಿಯಷ್ಟು ಖಾಲಿ ಜಾಗ ಬೇರೆ ಇರಬೇಕು.

ಒಂದು ಸಂಸಾರಕ್ಕೆಂದು ಕಟ್ಟಿದ ಟ್ಯಾಂಕಿಗೆ ಆಮೇಲೆ ಮೇಲಿನ ಮಹಡಿಯ ಎರಡು ಬಾಡಿಗೆ ಮನೆಗಳ ಪೈಪ್ ಸೇರಿಸಿರುವುದು ಎಲ್ಲಾ ಊರಲ್ಲೂ ಕಾಣುತ್ತೆ. ಬಾಡಿಗೆ ಆದಾಯ ಲೆಕ್ಕ ಹಾಕಿ ಮನೆ ಕೊಳ್ಳುವವರು ಟ್ಯಾಂಕಿನ ಅಳತೆಯನ್ನೂ ಲೆಕ್ಕ ಹಾಕಬೇಕು.

ಬಾವಿ, ಬೋರ್‌ವೆಲ್‌ಗೆ ಎಷ್ಟು ದೂರ?

ಇಂಗು ಗುಂಡಿ ಕುಡಿಯುವ ನೀರಿನ ಮೂಲದಿಂದ 12ರಿಂದ 18 ಮೀಟರ್, ಅಂದರೆ 40ರಿಂದ 60 ಅಡಿ ದೂರ ಇರಬೇಕು ಎಂದು ಬೇರೆ ಬೇರೆ ಮಾನಕಗಳು ಹೇಳುತ್ತವೆ. ಇದನ್ನು ನಮ್ಮ ಸೈಟುಗಳಿಗೆ ಹೊಂದಿಸಿ ನೋಡಿ. 30×40 ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವುದೇ 50 ಅಡಿ. ಬೋರ್‌ವೆಲ್ ಒಂದು ಮೂಲೆಯಲ್ಲಿ, ಗುಂಡಿ ಸರಿಯಾಗಿ ಎದುರು ಮೂಲೆಯಲ್ಲಿ ಇದ್ದರೂ 60 ಅಡಿ ಸಿಗಲ್ಲ. ಕರಾವಳಿಯ 5 ಸೆಂಟ್ಸ್ ಜಾಗ ಚೌಕಾಕಾರವಾಗಿದ್ದರೆ ಮೂಲೆಯಿಂದ ಮೂಲೆಗೆ ಸುಮಾರು 66 ಅಡಿ. ಅಲ್ಲಿಗೆ ಅಂತೂ ಇಂತೂ ಲೆಕ್ಕ ಮುಗಿಯುತ್ತೆ.

ಇನ್ನೊಂದು ವಿಷಯ, ಪಕ್ಕದ ಮನೆಯ ಗುಂಡಿಗೆ ನಿಮ್ಮ ಕಾಂಪೌಂಡ್ ಗೊತ್ತಿಲ್ಲ. ನೀವು ಕೊಳ್ಳುವ ಮನೆಯ ಬಾವಿಗೆ ನಾಲ್ಕೂ ಕಡೆಯ ಗುಂಡಿಗಳು ಎಷ್ಟು ದೂರ ಇವೆ ಎಂದು ಟೇಪ್ ಹಿಡಿದು ನೋಡಬೇಕು. ಹಾಗೇ ನಿಮ್ಮ ಗುಂಡಿಯಿಂದ ಅವರ ಬಾವಿಗೂ ಅಳೆಯಬೇಕು. ನಾಳೆ ಜಗಳ ಬರೋದು ಅಲ್ಲಿಂದಲೇ.

ನೀರಿನ ಪರೀಕ್ಷೆ ಮಾಡಿಸದೆ ಬಾವಿ ಇರುವ ಮನೆ ಕೊಳ್ಳಬೇಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬಳಸುವ ಎಚ್‌ಟುಎಸ್ ಬಾಟಲಿಯಲ್ಲಿ ನೀರು ಹಾಕಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿರುವ ಸಾಧ್ಯತೆ ಇದೆ. ಖಚಿತಪಡಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಇ-ಕೋಲಿ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಮಾನಕದ ಪ್ರಕಾರ 100 ಮಿಲಿ ಲೀಟರ್ ನೀರಿನಲ್ಲಿ ಇ-ಕೋಲಿ ಇರಲೇಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿ ಗ್ರಾಂ ದಾಟಬಾರದು. ನೀರು ಕಣ್ಣಿಗೆ ತಿಳಿಯಾಗಿದ್ದರೆ ಶುದ್ಧ ಅಂತ ಅರ್ಥವಲ್ಲ.

ಅಂಗಡಿ ಕಟ್ಟಡ ಕೊಳ್ಳುವವರಿಗೆ

ಮನೆಯ ಮುಂಭಾಗವನ್ನು ಅಂಗಡಿ ಮಾಡಿದ ಕಟ್ಟಡಗಳಲ್ಲಿ ಟ್ಯಾಂಕ್ ಅಂಗಡಿಯ ಜಗಲಿಯ ಕೆಳಗೆ ಅಥವಾ ಒಳಗೇ ಸೇರಿಹೋಗಿರುತ್ತೆ. ಮೇಲೆ ಗ್ರಾನೈಟ್ ಹಾಸಿದ ಮೇಲೆ ಮುಚ್ಚಳ ತೆಗೆಯುವುದು ಹೇಗೆ? ಸಕ್ಕಿಂಗ್ ಗಾಡಿ ನಿಲ್ಲಲು ಜಾಗ ಇದೆಯಾ, ಪೈಪ್ ಮುಟ್ಟುತ್ತಾ ನೋಡಿ. ಅಕ್ಕಿ ಮೂಟೆ, ಸಿಮೆಂಟ್, ಗ್ಯಾಸ್ ಸಿಲಿಂಡರ್ ಜೋಡಿಸುವ ಜಾಗದ ಕೆಳಗೆ ಹಳೇ ಸ್ಲ್ಯಾಬ್ ಇದ್ದರೆ ಎಂಜಿನಿಯರ್‌ಗೆ ತೋರಿಸದೆ ಭಾರ ಹಾಕಬೇಡಿ.

ಹೋಟೆಲ್, ಬೇಕರಿ, ಮೆಸ್ ನಡೆಯುತ್ತಿದ್ದ ಕಟ್ಟಡವಾದರೆ ಅಡುಗೆಮನೆ ನೀರು ನೇರ ಟ್ಯಾಂಕಿಗೆ ಹೋಗುತ್ತಿತ್ತಾ ಕೇಳಿ. ಎಣ್ಣೆ, ಜಿಡ್ಡು ಇಂಗು ಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತೆ. ಜಿಡ್ಡು ತಡೆಯುವ ಚೇಂಬರ್ ಇಲ್ಲದಿದ್ದರೆ ಮೊದಲು ಅದನ್ನು ಕಟ್ಟಿಸಬೇಕು.

ಯಾರನ್ನೂ ಒಳಗೆ ಇಳಿಸಬೇಡಿ

'ಒಂದು ನಿಮಿಷ ಇಳಿದು ನೋಡಿ ಬಾರಪ್ಪ' ಎನ್ನುವ ಮಾತಿನಿಂದ ಜೀವಗಳು ಹೋಗಿವೆ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತೆ, ಆಮ್ಲಜನಕ ಇರಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತೆ, ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತೆ. ಬಿದ್ದವರನ್ನು ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ಖಾಲಿ ಮಾಡಿದ ಟ್ಯಾಂಕ್ ಕೂಡ ಸುರಕ್ಷಿತ ಅಲ್ಲ. ಬೆಂಕಿಕಡ್ಡಿ, ಬೀಡಿ, ದೀಪ ಹತ್ತಿರ ತರಬಾರದು. ಮೀಥೇನ್ ಹೊತ್ತಿಕೊಳ್ಳುತ್ತೆ.

ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಮ್ಯಾನುವಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆಯಡಿ ಅಪರಾಧ. ಇದು ನಗರಸಭೆಗೆ ಮಾತ್ರವಲ್ಲ, ಕೂಲಿಗೆ ಕರೆದ ಮನೆ ಮಾಲೀಕರಿಗೂ ಅನ್ವಯ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಜಾಮೀನು ರಹಿತ ಅಪರಾಧ ಇದು. ಇಂಥ ಸಾವುಗಳಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂ.ಗೆ ಏರಿಸಿ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಮಷೀನ್ ಬೇಕಿದ್ದರೆ ಪುರಸಭೆ, ಪಟ್ಟಣ ಪಂಚಾಯಿತಿ ಕಚೇರಿಯ ಆರೋಗ್ಯ ವಿಭಾಗದಲ್ಲಿ ಕೇಳಿ. ಟ್ಯಾಂಕ್ ಸ್ವಚ್ಛತೆಗೆಂದೇ 14420 ಸಹಾಯವಾಣಿಯೂ ಇದೆ. ತೆಗೆದದ್ದನ್ನು ಎಲ್ಲಿ ಸುರಿಯುತ್ತೀರಿ ಎಂದೂ ಕೇಳಿ. ಕೆರೆ, ಹಳ್ಳಕ್ಕೆ ಸುರಿದರೆ ಅದು ಮತ್ತೆ ಊರಿಗೇ ಬರುತ್ತೆ. ಇದನ್ನು ಸಂಸ್ಕರಿಸುವ ಘಟಕ ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಿಂದಲೇ ಇದೆ. ದೇಶದಲ್ಲಿ ಪಟ್ಟಣವೊಂದಕ್ಕೆ ಇಂಥ ಘಟಕ ಬಂದ ಮೊದಲ ಜಾಗಗಳಲ್ಲಿ ಅದೂ ಒಂದು.

ಕರಾರಿನಲ್ಲಿ ಏನು ಬರೆಸಬೇಕು

ಬಾಯಿಮಾತು ಸಾಲದು. ಕ್ರಯದ ಕರಾರು ಬರೆಯುವಾಗಲೇ ಪತ್ರ ಬರಹಗಾರರಿಗೆ ಹೇಳಿ ಒಂದು ಷರತ್ತು ಸೇರಿಸಿ. ಒಕ್ಕಣೆ ಹೀಗಿರಬಹುದು:

'ಷೆಡ್ಯೂಲ್ ಸ್ವತ್ತಿನ ಶೌಚ ವ್ಯವಸ್ಥೆಯು ಮನೆಯ ______ ದಿಕ್ಕಿನಲ್ಲಿದ್ದು, ______ ವಿಧದ್ದಾಗಿರುತ್ತದೆ. ದಿನಾಂಕ ______ ರಂದು ಉಭಯ ಪಕ್ಷದವರ ಸಮಕ್ಷಮ ಖಾಲಿ ಮಾಡಿಸಿ ಪರಿಶೀಲಿಸಲಾಗಿದೆ. ಇದರಲ್ಲಿ ತಮಗೆ ತಿಳಿದಿರುವ ದೋಷಗಳನ್ನು ಮಾರಾಟಗಾರರು ತಿಳಿಸಿದ್ದು, ಅವು ಈ ಕೆಳಗಿನಂತಿವೆ: ______.'

ದುರಸ್ತಿ ಬೇಕಿದ್ದರೆ ಮೂರು ದಾರಿ ಇವೆ. ನೋಂದಣಿಗೆ ಮುಂಚೆ ಮಾರುವವರೇ ಮಾಡಿಸಿಕೊಡುವುದು, ಮೇಸ್ತ್ರಿಯಿಂದ ಅಂದಾಜು ಪಟ್ಟಿ ಪಡೆದು ಅಷ್ಟು ಮೊತ್ತವನ್ನು ಬೆಲೆಯಲ್ಲಿ ಕಳೆಯುವುದು, ಅಥವಾ ಒಂದಿಷ್ಟು ಹಣ ಹಿಡಿದಿಟ್ಟು ಕೆಲಸ ಮುಗಿದ ಮೇಲೆ ಕೊಡುವುದು. ಯಾವುದಾದರೂ ಸರಿ, ಬರಹದಲ್ಲಿರಲಿ.

ಮಾರುವವರಿಗೂ ಲಾಭವಿದೆ

ತಪಾಸಣೆ ಅಂದ ಕೂಡಲೇ ಮಾರುವವರು ಗಾಬರಿ ಆಗಬೇಕಿಲ್ಲ. ಟ್ಯಾಂಕ್ ಖಾಲಿ ಮಾಡಿಸಿದ ರಸೀದಿ, ಒಳಗಿನ ಫೋಟೊ, ನೀರಿನ ಪರೀಕ್ಷೆಯ ವರದಿ, ಪೈಪ್ ಎಲ್ಲೆಲ್ಲಿ ಹಾದುಹೋಗಿದೆ ಎಂಬ ಕೈಬರಹದ ನಕ್ಷೆ, ಈ ನಾಲ್ಕನ್ನು ಖಾತೆ ಪತ್ರದ ಜತೆ ಇಟ್ಟರೆ ಕೊಳ್ಳುವವರಿಗೆ ನಂಬಿಕೆ ಬರುತ್ತೆ, ಚೌಕಾಸಿ ಕಡಿಮೆಯಾಗುತ್ತೆ. ದೋಷ ಇದ್ದದ್ದನ್ನು ಹೇಳಿ, ಬರೆಸಿ, ಮಾರಿದವರ ಮೇಲೆ ಆಮೇಲೆ 'ಮುಚ್ಚಿಟ್ಟರು' ಎಂಬ ಮಾತು ಬರಲ್ಲ.

ಮುಂಗಡ ಕೊಡುವ ಮುಂಚೆ ಇಷ್ಟು ಖಾತ್ರಿ ಮಾಡಿಕೊಳ್ಳಿ: ಗುಂಡಿ ಇರುವ ಜಾಗ ನೋಡಿದ್ದಾಯ್ತಾ, ಮುಚ್ಚಳ ತೆಗೆಸಿದ್ದಾಯ್ತಾ, ಬಾವಿಗೆ ದೂರ ಅಳೆದಿದ್ದಾಯ್ತಾ, ನೀರು ಪರೀಕ್ಷೆ ಆಯ್ತಾ, ಕರಾರಿನಲ್ಲಿ ಷರತ್ತು ಸೇರಿತಾ. ಐದರಲ್ಲಿ ಒಂದು ಬಾಕಿ ಇದ್ದರೂ ಆಮೇಲೆ ನೋಡ್ಕೊಳ್ಳೋಣ ಅನ್ನಬೇಡಿ. ಮಳೆಗಾಲ ಬಂದಾಗ ಖರ್ಚು ನಿಮ್ಮದೇ ಆಗಿರುತ್ತೆ.